ಕೆಂಪು ಉಪ್ಪಿನಕಾಯಿ ಪಾಂಪ್ಲೆಟ್ಟಿನಲ್ಲಿ ಕಂದಾದದ್ದೇಕೆ?

ಪ್ರಶ್ನೆ: ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಮೊಬೈಲಿನಲ್ಲಿ ಬಾಟಲಿಗಳ ಫೋಟೊ ತೆಗೆದು, ಡಿಸೈನರಿಗೆ ವಾಟ್ಸಾಪ್ ಮಾಡಿ, ಎ5 ಅಳತೆಯ 2000 ಪಾಂಪ್ಲೆಟ್ ಹಾಕಿಸಿದೆವು. ಫೋನಿನಲ್ಲಿ ಚೆನ್ನಾಗಿದ್ದ ಚಿತ್ರ ಕಾಗದದ ಮೇಲೆ ಮಂಕು. ಕೆಂಪು ಕಂದಾಗಿದೆ, ಲೇಬಲ್ ಓದಲಾಗುತ್ತಿಲ್ಲ. ತಪ್ಪು ಪ್ರೆಸ್ಸಿನದೇ?
– ಓದುಗರು, ಮಲ್ಲೇಶ್ವರ

ಉತ್ತರ: ಬಹುಪಾಲು ಅಲ್ಲ. ಅಚ್ಚು ಹಾಕುವ ತಗಡು, ಅಂದರೆ ಪ್ಲೇಟ್ ಮಾಡುವ ಮೊದಲೇ ಚಿತ್ರ ಕೆಟ್ಟಿರುತ್ತದೆ.

ಮೊದಲು ಲೇಬಲ್ಲಿನ ವಿಚಾರ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕೆ), ಅಂದರೆ ಸೆಂಟಿಮೀಟರಿಗೆ ಸುಮಾರು 118 ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ಬಾಟಲಿಯೊಂದನ್ನೇ ಕತ್ತರಿಸಿ ತೆಗೆದರೆ ಉಳಿಯುವುದು 500 ಪಿಕ್ಸೆಲ್ ಇರಬಹುದು. ಅದು 4 ಸೆಂಟಿಮೀಟರಿಗೆ ಸಾಕು. 10 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅಕ್ಷರ ಕಲಸಿಹೋಗುತ್ತದೆ. ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ.

ಬಣ್ಣದ ತೊಂದರೆ ಫೋಟೊ ತೆಗೆಯುವಾಗಲೇ ಶುರುವಾಗುತ್ತದೆ. ಕಿಟಕಿಯ ಬೆಳಕೂ ಟ್ಯೂಬ್‌ಲೈಟೂ ಒಟ್ಟಿಗೆ ಬಿದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು ಛಾಯೆ. ಇದನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ. ಮನೆಯ ದೀಪಗಳನ್ನೆಲ್ಲ ಆರಿಸಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಟೇಬಲ್ ಹಾಕಿ, ಬಿಳಿ ಚಾರ್ಟ್ ಶೀಟನ್ನು ಗೋಡೆಯಿಂದ ಟೇಬಲ್ಲಿಗೆ ಮಡಿಕೆಯಿಲ್ಲದಂತೆ ಇಳಿಬಿಡಿ. ಬೆಳಕು ಮರಳಿ ಬೀಳುವಂತೆ ನೆರಳಿನ ಬದಿಗೆ ಒಂದು ಥರ್ಮೋಕೋಲ್ ನಿಲ್ಲಿಸಿ. ಗಾಜಿನ ಮೇಲೆ ಕಿಟಕಿಯ ಸರಳು ಕಂಡರೆ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ. ಉಪ್ಪಿನಕಾಯಿಯ ಎಣ್ಣೆ ಮೇಲೆ ನಿಂತಿರುತ್ತದೆ. ಫೋಟೊಕ್ಕೆ ಮುಂಚೆ ಕಲಕಿ, ಕತ್ತಿನವರೆಗೆ ತುಂಬಿ, ಹೊರಗಿನ ಜಿಡ್ಡು ಒರೆಸಿ. ಫೋನನ್ನು ಸ್ಟ್ಯಾಂಡಿನಲ್ಲಿ ಲೇಬಲ್ಲಿನ ಎತ್ತರಕ್ಕೇ ಇಟ್ಟು, ಹಿಂದೆ ಸರಿದು ಜೂಮ್ 2ಎಕ್ಸ್‌ನಲ್ಲಿ ತೆಗೆಯಿರಿ. ಮೇಲಿನಿಂದ, ಹತ್ತಿರದಿಂದ ತೆಗೆದರೆ ಬಾಟಲಿಯ ಬುಡ ಸಣ್ಣದಾಗಿ ಕಾಣುತ್ತದೆ. ಫಿಲ್ಟರ್ ಬೇಡವೇ ಬೇಡ.

ಇನ್ನು ಕಂದು. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಪ್ರೆಸ್ಸಿನಲ್ಲಿರುವುದು ಸಯಾನ್ (ಹಸಿರು ಮಿಶ್ರಿತ ನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಇಂಕು. ಕೆಂಪು ಬರುವುದು ಮೆಜೆಂಟಾ ಮತ್ತು ಹಳದಿ ಸೇರಿ. ಅದರೊಳಗೆ ಸಯಾನ್ ನುಸುಳಿದಷ್ಟೂ ಕೆಂಪು ಸತ್ತು ಕಂದಾಗುತ್ತದೆ. ಚಿತ್ರವನ್ನು ಸಿಎಂವೈಕೆಗೆ, ಅಂದರೆ ಈ ನಾಲ್ಕು ಇಂಕುಗಳ ಲೆಕ್ಕಕ್ಕೆ ಬದಲಿಸಿದ ಮೇಲೆ ಉಪ್ಪಿನಕಾಯಿಯ ಹೊಳಪಿನ ಭಾಗದಲ್ಲಿ ಸಯಾನ್ ಎಷ್ಟಿದೆ ನೋಡಲು ಡಿಸೈನರಿಗೆ ಹೇಳಿ. 10 ಶೇಕಡಾದೊಳಗೆ ಇಳಿಸಿದರೆ ಕೆಂಪು ಮರಳುತ್ತದೆ. ನೆರಳಿನ ಭಾಗದಲ್ಲಿ ಮಾತ್ರ ಸಯಾನನ್ನು ಹಾಗೇ ಬಿಡಿ, ಇಲ್ಲವಾದರೆ ಮಾವಿನ ಹೋಳು ಚಪ್ಪಟೆಯಾಗಿ ಕಾಣುತ್ತದೆ. ಇಂಕಿನ ಚುಕ್ಕೆ ಕಾಗದದ ಮೇಲೆ ಹರಡಿ ಚಿತ್ರ ಕಪ್ಪಾಗುವುದರಿಂದ ನಡುವಿನ ಛಾಯೆಗಳನ್ನೂ ತುಸು ತಿಳಿಗೊಳಿಸಬೇಕು. ಮ್ಯಾಪ್‌ಲಿಥೋ, ಅಂದರೆ ನುಣುಪು ಲೇಪವಿಲ್ಲದ ಕಾಗದ, ಇಂಕು ಹೀರುತ್ತದೆ, ಅಲ್ಲಿ ಈ ಮಂಕು ಇನ್ನೂ ಜಾಸ್ತಿ. ತಿನಿಸಿನ ಚಿತ್ರಕ್ಕೆ ನುಣುಪು ಲೇಪವಿರುವ, ಚದರ ಮೀಟರಿಗೆ 130 ಗ್ರಾಂ ತೂಗುವ 130 ಜಿಎಸ್‌ಎಂ ಆರ್ಟ್ ಪೇಪರ್ರೇ ಸರಿ.

ಸುಲ್ತಾನ್‌ಪೇಟೆಯ ಪ್ರೆಸ್ಸುಗಳಲ್ಲಾಗಲಿ ಬೇರೆಲ್ಲೇ ಆಗಲಿ, ಅಗ್ಗದ ದರದ ಕೆಲಸವನ್ನು ಹತ್ತಾರು ಜನರ ಕೆಲಸದೊಂದಿಗೆ ಒಂದೇ ಶೀಟಿನಲ್ಲಿ ಹಾಕುವುದುಂಟು. ಆಗ ನಿಮ್ಮೊಬ್ಬರ ಕೆಂಪಿಗಾಗಿ ಮೆಷಿನ್‌ಮ್ಯಾನ್ ಇಂಕು ಏರಿಸಲಾರ. ಫೈಲೇ ಸರಿಯಿರಬೇಕು.

ಪ್ರಶ್ನೆ: ಕಟಿಂಗ್‌ನಲ್ಲಿ ಬೆಲೆಯ ಸಾಲು ಹಾರಿಹೋಯಿತು, ಒತ್ತಕ್ಷರಗಳೂ ಒಡೆದವು.
– ಓದುಗರು, ಬಸವನಗುಡಿ

ಉತ್ತರ: ಎ5 ಅಂದರೆ 148 x 210 ಮಿ.ಮೀ. ಕತ್ತರಿಸುವಾಗ ಅಳತೆ ತುಸು ಆಚೀಚೆ ಆಗುವುದರಿಂದ ಹಿನ್ನೆಲೆಯನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಚಾಚಿ 154 x 216 ಮಾಡಿ. ಬೆಲೆ, ಫೋನ್ ನಂಬರ್ ಅಂಚಿನಿಂದ 5 ಮಿ.ಮೀ. ಒಳಗಿರಲಿ. ಸಣ್ಣ ಅಕ್ಷರಕ್ಕೆ ಕಪ್ಪು ಇಂಕು ಒಂದೇ ಸಾಕು. ನಾಲ್ಕೂ ಇಂಕು ಬೆರೆಸಿ ಮಾಡಿದ ಕಪ್ಪಾದರೆ ಪ್ಲೇಟು ಕೂದಲೆಳೆ ಜರುಗಿದರೂ ಅಕ್ಷರಕ್ಕೆ ಬಣ್ಣದ ಅಂಚು ಮೂಡುತ್ತದೆ. ಒತ್ತಕ್ಷರ ಒಡೆಯುವುದು ನಿಮ್ಮ ಕನ್ನಡ ಫಾಂಟ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇಲ್ಲದಾಗ. ಡಿಸೈನ್ ತಂತ್ರಾಂಶ ಕೋರಲ್ ಡ್ರಾದಲ್ಲಿ ಅಕ್ಷರಗಳನ್ನು ಫಾಂಟ್ ಬೇಡದ ಬರಿಯ ಆಕಾರಗಳಾಗಿ, ಅಂದರೆ ಕರ್ವ್ಸ್‌ಗೆ ಬದಲಿಸಿ ಪಿಡಿಎಫ್ ಮಾಡಿಸಿ. ಕರ್ವ್ಸ್ ಆದ ಮೇಲೆ ಬೆಲೆ ತಿದ್ದಲಾಗದು, ಆದ್ದರಿಂದ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.