ದೈತ್ಯ ಪಾಂಡಾ ಮತ್ತು ರೈಜೋಬಿಯಂ: ಯಾವುದು ಅಳಿದರೆ ನಷ್ಟ ಹೆಚ್ಚು?

ದೈತ್ಯ ಪಾಂಡಾ ಅಳಿದರೆ ಹೆಚ್ಚು ಹಾನಿಯೋ, ಮಣ್ಣಿನ ಬ್ಯಾಕ್ಟೀರಿಯ ಅಳಿದರೆ ಹೆಚ್ಚು ಹಾನಿಯೋ ಎಂಬ ಪ್ರಶ್ನೆಗೆ, ಜೀವಜಾಲದಲ್ಲಿ ಅವು ಮಾಡುವ ಕೆಲಸವನ್ನಷ್ಟೇ ಪರಿಗಣಿಸುವುದಾದರೆ, ಬ್ಯಾಕ್ಟೀರಿಯ ಎಂಬುದೇ ನನ್ನ ಉತ್ತರ.

ರೈಜೋಬಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಗಳ ಗುಂಪನ್ನೇ ನೋಡೋಣ. ವಾತಾವರಣದಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ದ್ವಿದಳ ಧಾನ್ಯದ ಗಿಡಗಳ ಬೇರನ್ನು ಹೊಕ್ಕು, ಅಲ್ಲಿ ಮೂಡುವ ಗಂಟುಗಳಲ್ಲಿ ನೆಲೆಸುವ ಈ ಜೀವಿಗಳು, ಗಿಡದಿಂದ ಆಹಾರ ಪಡೆದು, ನೈಟ್ರೋಜಿನೇಸ್ ಎಂಬ ಕಿಣ್ವದ ನೆರವಿನಿಂದ ಆ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸಿಕೊಡುತ್ತವೆ. ಆಮ್ಲಜನಕ ತಾಗಿದರೆ ಈ ಕಿಣ್ವ ಕೆಡುತ್ತದೆ. ಹಾಗಾಗದಂತೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಕೆಂಪು ಪ್ರೋಟೀನ್ ಆದ ಲೆಗ್‌ಹೀಮೋಗ್ಲೋಬಿನ್ ಗಂಟಿನಲ್ಲಿ ತುಂಬಿರುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುವುದು ಇದರಿಂದಲೇ, ಮತ್ತು ಇದನ್ನು ಯಾರು ಬೇಕಾದರೂ ನೋಡಿ ತಿಳಿಯಬಹುದು.

ಪಾಂಡಾದ ನೆಲೆ ಚೀನಾದ ಸಿಚುವಾನ್, ಶಾನ್‌ಶಿ ಮತ್ತು ಗಾನ್ಸು ಪ್ರಾಂತ್ಯಗಳ ಬೆಟ್ಟದ ಕಾಡುಗಳಿಗೆ ಸೀಮಿತವಾಗಿದೆ. 2015ರಲ್ಲಿ ಪ್ರಕಟವಾದ ಗಣತಿಯಂತೆ ಕಾಡಿನಲ್ಲಿದ್ದವು ಸುಮಾರು 1,864. ಅದರ ಹೆಸರಿನಲ್ಲಿ ಕಾಯ್ದಿಟ್ಟ ಕಾಡು ಚಿನ್ನದ ಬಣ್ಣದ ಮೊಂಡುಮೂಗಿನ ಕೋತಿ, ಟಾಕಿನ್ ಮುಂತಾದ ಪ್ರಾಣಿಗಳಿಗೂ ಆಸರೆಯಾಗಿರುವುದು ಸಣ್ಣ ಮಾತಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ರೈಜೋಬಿಯಂನ ಒಂದು ಪ್ರಭೇದ ನಶಿಸಿದರೆ, ಬ್ರ್ಯಾಡಿರೈಜೋಬಿಯಂನಂತಹ ಬೇರೆ ಬ್ಯಾಕ್ಟೀರಿಯಗಳು ಅದೇ ಬಗೆಯ ಕೆಲಸವನ್ನು ಒಂದಿಷ್ಟಾದರೂ ಮುಂದುವರಿಸಬಲ್ಲವು. ಐಲ್ಯುರೊಪೋಡಾ ಕುಲದಲ್ಲಿ ಇಂದು ಬದುಕಿರುವ ಏಕೈಕ ಪ್ರಭೇದವಾದ ಪಾಂಡಾಕ್ಕೆ ಅಂಥ ಬದಲಿ ಇಲ್ಲ.