ಕಿವಿಯ ಮಾತು: ಚೀಟಿಯಲ್ಲಿ ಎಲ್ಲ ಸರಿ, ಆದರೂ ಶಿಳ್ಳೆ ಏಕೆ?

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಮಳೆಗಾಲಕ್ಕೆ ಮೊದಲು ಅವರ ಕಿವಿಯ ಮಿಷನ್ ಸರ್ವಿಸಿಗೆ ಕೊಟ್ಟಿದ್ದೆವು. ಪುಟ್ಟ ಪೆಟ್ಟಿಗೆಯಲ್ಲಿಟ್ಟು ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿನಲ್ಲೇ ಗೆರೆಗಳಿರುವ ಚೀಟಿ ಬಂತು. ಎಲ್ಲ ಸರಿಯಿದೆ ಎಂದರು. ಅಂದಿನಿಂದ ಮಿಷನ್ ಶಿಳ್ಳೆ ಹೊಡೆಯುತ್ತಿದೆ. ಅಡುಗೆಮನೆಯಲ್ಲಿ ತಟ್ಟೆ ಇಟ್ಟರೂ ಮಾವ ಬೆಚ್ಚಿಬೀಳುತ್ತಾರೆ. ಈಗ ಕಳಚಿ ಮೇಜಿನ ಮೇಲಿಟ್ಟಿದ್ದಾರೆ. ಚೀಟಿ ಸುಳ್ಳೇ?
— ಓದುಗರು, ಶನಿವಾರಸಂತೆ

ಉತ್ತರ: ಮೊದಲು ಅವರನ್ನು ಕರೆದುಕೊಂಡು ಅಲ್ಲಿಗೇ ಹೋಗಿ. ಅಲ್ಲಿಯವರೆಗೆ ಸಾಧನ ಹಾಕಿಕೊಳ್ಳುವಂತೆ ಒತ್ತಾಯಿಸಬೇಡಿ. ಚೀಟಿ ಸುಳ್ಳಿರಲಾರದು. ಆದರೆ ಶಿಳ್ಳೆ ಮತ್ತು ತಟ್ಟೆಯ ಸದ್ದಿಗೆ ಬೆಚ್ಚುವುದು ಎರಡೂ ಪರೀಕ್ಷೆಯ ದಿನದಿಂದಲೇ ಶುರುವಾಗಿವೆ ಎಂದರೆ, ಸಾಧನವನ್ನು ಪರೀಕ್ಷಾ ಸ್ಥಿತಿಗೆ ತಂದವರು ಮಾವನವರ ಕಿವಿಗೆ ತಕ್ಕಂತೆ ಮಾಡಿಟ್ಟಿದ್ದ ಹಳೆಯ ಹೊಂದಾಣಿಕೆಗೆ (ಸೆಟ್ಟಿಂಗ್) ಮರಳಿಸಲು ಮರೆತಿರಬಹುದು ಎಂಬುದು ನನ್ನ ಬಲವಾದ ಅನುಮಾನ.

ಆ ಪೆಟ್ಟಿಗೆಯೊಳಗೆ ಒಂದು ಸ್ಪೀಕರ್ ಇರುತ್ತದೆ. ಸಾಧನದಿಂದ ಹೊರಬರುವ ಸದ್ದು 2 ಘನ ಸೆಂಟಿಮೀಟರಿನ ಲೋಹದ ಕುಳಿಗೆ ಹೋಗಿ, ಅಲ್ಲಿನ ಮೈಕಿಗೆ ತಲುಪುತ್ತದೆ. ಗುಂಡಿ ಒತ್ತಿದೊಡನೆ ಯಂತ್ರ ತಾನಾಗಿಯೇ ಸರಣಿ ಮುಗಿಸುತ್ತದೆ: 90 ಡೆಸಿಬೆಲ್ ಸದ್ದು ಕೊಟ್ಟು ಗರಿಷ್ಠ ಎಷ್ಟು ಹೊರಬರುತ್ತದೆ, 50 ಡೆಸಿಬೆಲ್ ಕೊಟ್ಟರೆ ಎಷ್ಟು ಹಿಗ್ಗಿಸುತ್ತದೆ, ಸದ್ದು ಎಷ್ಟು ಒಡೆಯುತ್ತದೆ, ಬ್ಯಾಟರಿ ಎಷ್ಟು ಖರ್ಚಾಗುತ್ತದೆ.

ಇಲ್ಲೊಂದು ತೊಡಕಿದೆ. ಈ ಅಳತೆಗೆ ಬಳಸುವುದು ಏಕನಾದ, ಅಂದರೆ ಒಂದೇ ಸ್ವರದ ಸದ್ದು. ಇಂದಿನ ಡಿಜಿಟಲ್ ಸಾಧನ ಅಂಥ ನಾದ ಕೇಳಿದರೆ, ಇದು ಫ್ಯಾನಿನ ಗುಂಯ್ ಅಥವಾ ಶಿಳ್ಳೆ ಎಂದುಕೊಂಡು ಅದನ್ನು ಅದುಮಿಬಿಡುತ್ತದೆ. ಅದಕ್ಕೇ ಪರೀಕ್ಷೆಗೆ ಮುಂಚೆ ಕಂಪ್ಯೂಟರಿನಿಂದ ಗದ್ದಲ ತಗ್ಗಿಸುವ, ಶಿಳ್ಳೆ ತಡೆಯುವ ವ್ಯವಸ್ಥೆಗಳನ್ನು ನಿಲ್ಲಿಸಿ, ಕೆಲವು ಅಳತೆಗಳಿಗೆ ಧ್ವನಿಯನ್ನು ಪೂರ್ತಿ ಏರಿಸುತ್ತಾರೆ. ಹಾಗೇ ಬಿಟ್ಟರೆ ಏನಾಗುತ್ತದೆಂದು ನಿಮ್ಮ ಮಾವನವರು ಅನುಭವಿಸುತ್ತಿರಬಹುದು.

ಇದರ ಉಲ್ಟಾ ತಪ್ಪನ್ನು ನಾನೇ ಮಾಡಿದ್ದೇನೆ. ವೃತ್ತಿಯ ಆರಂಭದಲ್ಲಿ ಮಡಿಕೇರಿಯ ನಿವೃತ್ತ ಮೇಷ್ಟ್ರೊಬ್ಬರ ಸಾಧನವನ್ನು ಸಿದ್ಧಪಡಿಸದೆ ಪೆಟ್ಟಿಗೆಗಿಟ್ಟು ಗುಂಡಿ ಒತ್ತಿದೆ. ಪರದೆಯ ಮೇಲೆ ಗೆರೆ 1000 ಹರ್ಟ್ಸ್ ದಾಟುತ್ತಲೇ ಕುಸಿಯಿತು. ಕೆಟ್ಟಿದೆ ಎಂದು ಕಂಪನಿಗೆ ಕಳಿಸಿದೆ. ದೋಷವಿಲ್ಲವೆಂದು ಮರಳಿ ಬರಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಅವರು ಮೊಮ್ಮಗಳ ಮಾತು ಕೇಳದೆ ಕೂತರು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಈಗ ಹೋದಾಗ ಮಾವನವರ ಹೊಂದಾಣಿಕೆ ಕಂಪ್ಯೂಟರಿನಲ್ಲಿ ಉಳಿದಿದೆಯೇ ಎಂದು ಕೇಳಿ, ಅದನ್ನು ಸಾಧನಕ್ಕೆ ತುಂಬಿಸಿ. ಬಳಿಕ ಅದೇ ಹೊಂದಾಣಿಕೆಯಲ್ಲಿ ಮಾತಿನಂಥ ಸದ್ದು ಕೊಟ್ಟು ಇನ್ನೊಮ್ಮೆ ಅಳೆಯಲು ಹೇಳಿ. ಕಿವಿಯೊಳಗೇ ತೆಳು ನಳಿಕೆ ಇಟ್ಟು ಅಳೆಯುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಅವರ ಕಿವಿ ಆ ಲೋಹದ ಕುಳಿಯಷ್ಟೇ ಇರಬೇಕೆಂದಿಲ್ಲವಲ್ಲ! ಪೆಟ್ಟಿಗೆಯ ಚೀಟಿ ಹೇಳುವುದು ಸಾಧನ ಕಂಪನಿಯ ಅಳತೆಗೆ ಸಮನಾಗಿದೆಯೇ ಎಂದಷ್ಟೆ. ಅದನ್ನು ಎತ್ತಿಡಿ, ಮುಂದಿನ ವರ್ಷದ ಚೀಟಿಯೊಂದಿಗೆ ಹೋಲಿಸಲು ಬೇಕಾಗುತ್ತದೆ.

ಹೊಂದಾಣಿಕೆ ಸರಿಯಿದ್ದೂ ಶಿಳ್ಳೆ ನಿಲ್ಲದಿದ್ದರೆ ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ಕಿವಿಯೊಳಗೆ ಕೂರುವ ಸಾಧನದ ಅಚ್ಚು ಸಡಿಲವಾಗಿದೆಯೇ ನೋಡಿಸಿ. ನಮ್ಮ ಜುಲೈ ಮಳೆಗೆ ಸಾಧನದ ನಳಿಕೆಯೊಳಗೆ ನೀರ ಹನಿ ಕೂತು ಸದ್ದು ಮಂಕಾಗುವುದೂ ಉಂಟು. ರಾತ್ರಿ ಬ್ಯಾಟರಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ. ಒಲೆಯ ಬಳಿ ಒಣಗಿಸುವುದು ಬೇಡ. ಸರ್ವಿಸ್ ಮಾಡಿದಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಎಲ್ಲಿಗೇ ಹೋದರೂ ಸಾಧನವನ್ನಷ್ಟೇ ಕಳಿಸಬೇಡಿ, ಮಾವನವರೂ ಜೊತೆಗಿರಲಿ.