ಬೇರೆಯವರು ಕೂತಿರುವ ಮನೆಯನ್ನು ನಗದು ಪಾರ್ಟಿಗೆ ಮಾರಬಹುದಾ? ನಾವು ಮಾರಿದ್ದು ಹೀಗೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಪುಣೆಯಲ್ಲಿದ್ದೀರಿ. ಹಳೇ ಹುಬ್ಬಳ್ಳಿಯಲ್ಲಿ ಅಪ್ಪನ ಹೆಸರಿನ ಮನೆ ಇದೆ. 2015ರಿಂದ ಅದರಲ್ಲಿ ಒಂದು ಕುಟುಂಬ ಬಾಡಿಗೆ ಇಲ್ಲದೆ, ಕರಾರು ಇಲ್ಲದೆ ಕೂತಿದೆ, ಬಿಡಿ ಅಂದರೆ ಬಿಡುತ್ತಿಲ್ಲ. ಈಗ ಒಬ್ಬರು ಬಂದು ‘ಇದ್ದ ಹಾಗೇ ಕೊಡಿ, ಪೂರ್ತಿ ನಗದು ಕೊಡುತ್ತೇವೆ, ಒಳಗಿನವರನ್ನು ನಾವೇ ನೋಡಿಕೊಳ್ಳುತ್ತೇವೆ’ ಅಂತ ಅರ್ಧ ಬೆಲೆಗೆ ಕೇಳುತ್ತಿದ್ದಾರೆ. ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ.

ಮಾರಬಹುದು. ಒಳಗೆ ಯಾರೋ ಇದ್ದಾರೆ ಅನ್ನೋ ಕಾರಣಕ್ಕೆ ಮಾಲೀಕರಿಗೆ ಮಾರುವ ಹಕ್ಕು ಹೋಗುವುದಿಲ್ಲ. ನಾವೂ ಹಾಗೆಯೇ ಮಾರಿದ್ದೇವೆ. ಆದರೆ ಮೊದಲು ಕೋರ್ಟಿನಲ್ಲಿ ದಾವೆ ಹಾಕಿ, ಆಮೇಲೆ ಮಾರಿ. ನಾವು ಇದನ್ನು ಉಲ್ಟಾ ಮಾಡಲು ಹೋಗಿ ಒಂದು ವರ್ಷ ನಿದ್ದೆ ಕೆಡಿಸಿಕೊಂಡೆವು. ಅದಕ್ಕೇ ಉದ್ದ ಆದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ನಮ್ಮದೂ ಹಳೇ ಹುಬ್ಬಳ್ಳಿಯ ಮನೆಯೇ. ಎರಡು ಖೋಲಿ, ಒಂದು ಅಡುಗೆಮನೆ, ಹಿಂದೆ ಸಣ್ಣ ಹಿತ್ತಲು. ಅಪ್ಪ ತಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬರನ್ನು ಮನೆ ನೋಡಿಕೊಳ್ಳಲಿ ಅಂತ ಅಲ್ಲಿ ಇರಿಸಿದ್ದರು. ಬಾಡಿಗೆ ಇಲ್ಲ, ಕಾಗದವೂ ಇಲ್ಲ. ಅಪ್ಪ ತೀರಿಕೊಂಡರು, ನಾವೆಲ್ಲ ಧಾರವಾಡಕ್ಕೆ ಬಂದೆವು. ಕೆಲ ವರ್ಷ ಬಿಟ್ಟು ಅಣ್ಣ ಹೋಗಿ ಮನೆ ಖಾಲಿ ಮಾಡಿ ಅಂದಾಗ ಆ ಮನುಷ್ಯ ಹೇಳಿದ್ದು ಒಂದೇ ಮಾತು: ‘ನಿಮ್ಮ ಅಪ್ಪಾರ ಇರು ಅಂದಾರ, ನಾ ಇದ್ದೀನಿ. ಅವರ ಬಂದು ಹೋಗು ಅನ್ನಲಿ.’ ಅವ್ವನಿಗೆ ಆ ಮಾತು ಬಹಳ ಹತ್ತಿತು.

ಆ ಹೊತ್ತಿಗೆ ಅವ್ವನ ಆಸ್ಪತ್ರೆ ಖರ್ಚು ಶುರುವಾಗಿತ್ತು. ಕೋರ್ಟು ಅಂದರೆ ಹತ್ತು ವರ್ಷ ಅಂತ ಎಲ್ಲರೂ ಹೆದರಿಸಿದರು. ಆಗ ದುರ್ಗದಬೈಲಿನ ಹತ್ತಿರ ಪರಿಚಯವಾದ ಒಬ್ಬ ದಲಾಲರು ಒಬ್ಬ ಪಾರ್ಟಿಯನ್ನು ಕರೆತಂದರು. 32 ಲಕ್ಷದ ಮನೆಗೆ 13 ಲಕ್ಷ, ಪೂರ್ತಿ ನಗದು. ‘ಸಾಹೇಬ್ರ, ಒಂದ ತಿಂಗಳದಾಗ ಖಾಲಿ ಮಾಡಸ್ತೀವಿ, ನೀವ್ ಚಿಂತಿ ಮಾಡಬ್ಯಾಡ್ರಿ’ ಅಂದರು. ಖರೀದಿ ಪತ್ರ ಆಮೇಲೆ, ಮೊದಲು ನೋಟರಿ ಮುಂದೆ ಒಂದು ಸಂಚಕಾರ ಪತ್ರ (ಮುಂಗಡದ ಕರಾರು), ಜೊತೆಗೆ ಒಂದು ಜನರಲ್ ಪವರ್, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ. ಅಣ್ಣ ಒಂದೂವರೆ ಲಕ್ಷ ನಗದು ತೆಗೆದುಕೊಂಡು ಎರಡಕ್ಕೂ ಸಹಿ ಹಾಕಿಬಿಟ್ಟ. ನನ್ನನ್ನು ಕೇಳಲಿಲ್ಲ, ಅಕ್ಕನನ್ನೂ ಕೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ಔಷಧದ ಚೀಟಿ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದವನು ಅವನೇ.

ಮೂರು ವಾರ ಆದ ಮೇಲೆ ಒಂದು ರಾತ್ರಿ ನಾಲ್ಕು ಜನ ಹೋಗಿ ಆ ಮನೆಯ ಬಾಗಿಲು ಕಿತ್ತು ಹಾಕಿದರು, ಒಳಗಿದ್ದ ಪಾತ್ರೆ ಬೀದಿಗೆ ಎಸೆದರು. ಬೆಳಿಗ್ಗೆ ಪೊಲೀಸ್ ಠಾಣೆಯಿಂದ ಫೋನ್ ಬಂದಿದ್ದು ಆ ಪಾರ್ಟಿಗಲ್ಲ, ಅಣ್ಣನಿಗೆ. ಯಾಕೆಂದರೆ ಕಾಗದದಲ್ಲಿ ಮಾಲೀಕರು ಇನ್ನೂ ನಾವೇ. ಅವರು ನಮ್ಮ ಪವರ್ ತೋರಿಸಿ ‘ಮಾಲೀಕರ ಪರವಾಗಿ ಬಂದಿದ್ದೇವೆ’ ಅಂತ ಓಣಿಯಲ್ಲಿ ಹೇಳಿದ್ದರು. ಮನೆಯಲ್ಲಿ ಬಹಳ ದಿನದಿಂದ ನೆಲೆ ನಿಂತವರನ್ನು, ಅವರಿಗೆ ಹಕ್ಕು ಇಲ್ಲದಿದ್ದರೂ, ಕಾನೂನಿನ ದಾರಿಯಲ್ಲೇ ಹೊರಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ರಾಮೇಗೌಡ ಪ್ರಕರಣದಲ್ಲಿ ಹೇಳಿದೆ. ನಮ್ಮ ಕರ್ನಾಟಕದ್ದೇ ಕೇಸು ಅದು. ಬಾಗಿಲು ಕೀಳುವುದು, ನೀರು ನಿಲ್ಲಿಸುವುದು, ಹೆಸ್ಕಾಂಗೆ ಹೇಳಿ ಕರೆಂಟ್ ತೆಗೆಸುವುದು, ಯಾವುದೂ ಬೇಡ. ನೀವೂ ಮಾಡಬೇಡಿ, ನಿಮ್ಮ ಹೆಸರಿನಲ್ಲಿ ಬೇರೆಯವರಿಗೂ ಮಾಡಲು ಬಿಡಬೇಡಿ. ಒಳಗಿರುವವರು ಆರು ತಿಂಗಳೊಳಗೆ ದಾವೆ ಹಾಕಿದರೆ, ಮಾಲೀಕತ್ವದ ಪ್ರಶ್ನೆಗೇ ಹೋಗದೆ ಕೋರ್ಟು ಅವರನ್ನು ವಾಪಸ್ ಒಳಗೆ ಕೂರಿಸಬಹುದು.

ಬಾಗಿಲು ನಾವೇ ಹಾಕಿಸಿಕೊಟ್ಟೆವು. ಒಂದೂವರೆ ಲಕ್ಷವನ್ನು ಚೆಕ್ ಮೂಲಕ ವಾಪಸ್ ಕೊಟ್ಟು, ಸಂಚಕಾರ ರದ್ದಾಗಿದೆ ಅಂತ ಅವರ ಸಹಿ ಪಡೆದು, ಪವರ್ ರದ್ದು ಮಾಡಿ ವಕೀಲರ ಮೂಲಕ ನೋಟಿಸ್ ಕೊಟ್ಟೆವು. ಅಷ್ಟಕ್ಕೇ ನಾಲ್ಕು ತಿಂಗಳು ಹೋಯಿತು. ಜನರಲ್ ಪವರ್, ಸಂಚಕಾರ ಪತ್ರ ಇವುಗಳಿಂದ ಆಸ್ತಿಯ ಮಾಲೀಕತ್ವ ಯಾರಿಗೂ ಹೋಗುವುದಿಲ್ಲ, ನೋಂದಣಿಯಾದ ಖರೀದಿ ಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಬಿಟ್ಟಿದೆ. ಆದರೂ ಇಂಥ ಪಾರ್ಟಿಗಳು ಅದನ್ನೇ ಕೇಳುತ್ತಾರೆ. ಅವರಿಗೆ ಮನೆ ಬೇಕಾಗಿರುವುದಿಲ್ಲ. ಸ್ವಲ್ಪ ಮುಂಗಡ ಕೊಟ್ಟು ನಿಮ್ಮನ್ನು ಕಟ್ಟಿಹಾಕಿ, ಅದೇ ಕಾಗದ ಹಿಡಿದುಕೊಂಡು ಮೂರನೆಯವರಿಗೆ ಜಾಸ್ತಿ ಬೆಲೆಗೆ ದಾಟಿಸುವುದು ಅವರ ಲೆಕ್ಕ. ಹಾಗಾಗಿ ನಿಮ್ಮ ಪಾರ್ಟಿ ಏನು ಕೇಳುತ್ತಿದ್ದಾರೆ ನೋಡಿ. ನೇರವಾಗಿ ಖರೀದಿ ಪತ್ರಕ್ಕೆ ಬರುತ್ತಾರಾ, ಇಲ್ಲ ಪವರ್ ಕೊಡಿ ಅನ್ನುತ್ತಾರಾ? ಪವರ್ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈಗ ದಾವೆ ಮೊದಲು ಅಂತ ಯಾಕೆ ಹೇಳಿದೆ ಅಂದರೆ, ನಿಮ್ಮ ವಿಷಯದಲ್ಲಿ 2015 ಅನ್ನೋ ಸಂಖ್ಯೆ ನೋಡಿ ನನಗೆ ಗಾಬರಿಯಾಯಿತು. 1963ರ ಕಾಲಮಿತಿ ಕಾಯ್ದೆ ಪ್ರಕಾರ ಮಾಲೀಕರು ಕಬ್ಜಾ (ಸ್ವಾಧೀನ) ವಾಪಸ್ ಕೇಳಿ ದಾವೆ ಹಾಕಲು ಇರುವುದು 12 ವರ್ಷ. ಎದುರಿನವರು ‘ಇದು ನಮ್ಮದೇ’ ಅಂತ ನಿಮ್ಮ ವಿರುದ್ಧವಾಗಿ, ಬಹಿರಂಗವಾಗಿ, ಬಿಡದೆ ಕೂತ ದಿನದಿಂದ ಆ ಲೆಕ್ಕ ಶುರು. ನೀವು ಇರಿ ಅಂತ ಹೇಳಿ ಇರಿಸಿದ್ದರೆ ಲೆಕ್ಕ ಬೇರೆ. ಕಾವಲಿಗೆ, ಕೆಲಸಕ್ಕೆ ಇರಿಸಿಕೊಂಡವರು ಎಷ್ಟು ವರ್ಷ ಇದ್ದರೂ ಆ ಮನೆ ಮೇಲೆ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ, ನಮ್ಮನ್ನು ಉಳಿಸಿದ್ದು ಅದೇ. ಆದರೆ ನಿಮ್ಮ ಮನೆಗೆ ಅವರು ಹೇಗೆ ಸೇರಿಕೊಂಡರು ಅಂತ ನೀವು ಬರೆದಿಲ್ಲ. ಯಾರ ಅನುಮತಿಯೂ ಇಲ್ಲದೆ ಬೀಗ ಒಡೆದು ಸೇರಿದ್ದರೆ 2027ಕ್ಕೆ 12 ತುಂಬುತ್ತದೆ. ಬಹಳ ಜನ ವಕೀಲರಿಂದ ಒಂದು ನೋಟಿಸ್ ಕಳಿಸಿ, ಇನ್ನೇನು ಕಾಲ ನಿಂತಿತು ಅಂದುಕೊಳ್ಳುತ್ತಾರೆ. ನಿಲ್ಲುವುದಿಲ್ಲ. ನೋಟಿಸ್‌ಗೆ ನಿಲ್ಲುವುದಿಲ್ಲ, ಪೊಲೀಸ್ ದೂರಿಗೆ ನಿಲ್ಲುವುದಿಲ್ಲ, ನೀವು ಮನೆ ಮಾರಿದರೂ ನಿಲ್ಲುವುದಿಲ್ಲ. ಕೊಂಡವರ ತಲೆ ಮೇಲೂ ಅದೇ ಲೆಕ್ಕ ಮುಂದುವರಿಯುತ್ತದೆ. ಕೋರ್ಟಿನಲ್ಲಿ ದಾವೆ ದಾಖಲಾದರೆ ಮಾತ್ರ ನಿಲ್ಲುತ್ತದೆ. ತಿಳಿದ ಕೊಳ್ಳುವವರು ಅರ್ಧ ಬೆಲೆಗೆ ಕೇಳುವುದು ಈ ಹೆದರಿಕೆಗೇ. ದಾವೆ ಹಾಕಿದ ಮೇಲೆ ಆ ಹೆದರಿಕೆ ಹೋಗುತ್ತದೆ, ಬೆಲೆಯೂ ಸ್ವಲ್ಪ ಏರುತ್ತದೆ. ದಾವೆ ನಡೆಯುತ್ತಿರುವಾಗಲೂ ಮಾರಬಹುದು. ಕೊಂಡವರು ನಿಮ್ಮ ಜಾಗದಲ್ಲಿ ಬಂದು ಅದನ್ನು ಮುಂದುವರಿಸಬಹುದು, ತೀರ್ಪು ಏನೇ ಬಂದರೂ ಅವರಿಗೂ ಅನ್ವಯ. ಖರ್ಚಿಗೂ ತಯಾರಿ ಇರಲಿ, ಕಬ್ಜಾ ದಾವೆಗೆ ಕೋರ್ಟ್ ಫೀ ಮನೆಯ ಮಾರುಕಟ್ಟೆ ಬೆಲೆ ಮೇಲೆ ಲೆಕ್ಕ ಆಗುತ್ತದೆ.

ನಾವು 2022ರಲ್ಲಿ ದಾವೆ ಹಾಕಿದೆವು. 2023ರಲ್ಲಿ ಮನೆ ಮಾರಿದೆವು. ಕೊಂಡವರು ಯಾರು ಗೊತ್ತಾ? ಪಕ್ಕದ ಮನೆಯವರು. ನಮಗೆ ಮೊದಲೇ ಹೊಳೆಯಬೇಕಿತ್ತು. ಎರಡೂ ಮನೆಗೆ ಗೋಡೆ ಒಂದೇ. ಅವರ ಮಗನಿಗೆ ಮದುವೆಯಾಗಿತ್ತು, ಜಾಗ ಸಾಲುತ್ತಿರಲಿಲ್ಲ. ಒಳಗಿದ್ದವರನ್ನು ಅವರು ದಿನಾ ನೋಡುತ್ತಿದ್ದರು, ಎಷ್ಟು ಕೊಟ್ಟರೆ ಎದ್ದು ಹೋಗುತ್ತಾರೆ ಅನ್ನೋ ಅಂದಾಜು ಅವರಿಗಿತ್ತು. ಬೇರೆಯವರಿಗೆ ಆ ಮನೆ ಒಂದು ತಲೆನೋವು, ಅವರಿಗೆ ಬೇಕೇ ಬೇಕಾದ ಜಾಗ.

ಅವರೂ ನಗದು ಪಾರ್ಟಿಯೇ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ನಗದು ಪಾರ್ಟಿ ಅಂದರೆ ಎರಡು ಅರ್ಥ. ಬ್ಯಾಂಕ್ ಸಾಲ ಇಲ್ಲದೆ ಸ್ವಂತ ಹಣದಲ್ಲಿ ಕೊಳ್ಳುವವರು ಒಂದು. ನೋಟಿನ ಕಟ್ಟು ತರುವವರು ಇನ್ನೊಂದು. ಬೇರೆಯವರು ಕೂತಿರುವ ಮನೆಗೆ ಬ್ಯಾಂಕು ಸುಲಭಕ್ಕೆ ಸಾಲ ಕೊಡುವುದಿಲ್ಲ, ಹಾಗಾಗಿ ಮೊದಲ ರೀತಿಯವರು ನಿಮಗೆ ಬೇಕೇ ಬೇಕು. ಎರಡನೇ ರೀತಿಯವರು ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದಕ್ಕೆ 2015ರಿಂದಲೇ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ ಇದೆ. ಮುಂಗಡ ಆದರೂ ಅಷ್ಟೇ. ದಂಡ ಬೀಳುವುದು ಪಡೆದವರಿಗೆ, ಪಡೆದಷ್ಟೇ ಮೊತ್ತ. ಅಂದರೆ 10 ಲಕ್ಷ ನೋಟು ತೆಗೆದುಕೊಂಡರೆ 10 ಲಕ್ಷ ದಂಡ ಬೀಳಬಹುದು. ಅಣ್ಣ ಒಂದೂವರೆ ಲಕ್ಷ ಪಡೆದಿದ್ದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಪಕ್ಕದವರು ಪೂರ್ತಿ ಹಣ ಆರ್‌ಟಿಜಿಎಸ್ ಮಾಡಿದರು, ಅದು ಖಾತೆಗೆ ಬಂದ ಮೇಲೆಯೇ ಸಹಿ.

ಬೆಲೆ ಮೊದಲು 21.5 ಲಕ್ಷಕ್ಕೆ ನಿಂತಿತ್ತು. ಸರ್ಕಾರದ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ, 24 ಲಕ್ಷ. ನಮ್ಮ ತೆರಿಗೆ ಸಲಹೆಗಾರರು ಇದನ್ನು ನೋಡಿ 22 ಮಾಡಿಸಿ ಅಂದರು. ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಶೇಕಡಾ 10ಕ್ಕಿಂತ ಹೆಚ್ಚು ಇದ್ದರೆ, ನಿಮಗೆ ಅಷ್ಟು ಹಣ ಬಂದಿದೆ ಅಂತಲೇ ಲೆಕ್ಕ ಹಿಡಿದು ಲಾಭದ ಮೇಲೆ ತೆರಿಗೆ ಹಾಕುತ್ತಾರೆ. ಕೊಂಡವರಿಗೂ ಆ ವ್ಯತ್ಯಾಸದ ಮೇಲೆ ತೆರಿಗೆ ಬೀಳಬಹುದು. 22 ಮಾಡಿದರೆ ಶೇಕಡಾ 10ರ ಒಳಗೆ ಬರುತ್ತದೆ. ಇದನ್ನು ಪಕ್ಕದವರಿಗೆ ತಿಳಿಸಿ ಹೇಳಿದಾಗ ಇನ್ನೂ 50 ಸಾವಿರ ಕೊಡಲು ಅವರೇ ಒಪ್ಪಿದರು. ನಿಮಗೆ ಬಂದಿರುವ ಅರ್ಧ ಬೆಲೆ ಮಾರ್ಗಸೂಚಿಗಿಂತ ಬಹಳ ಕೆಳಗಿದ್ದರೆ, ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಬೇಕಾದೀತು. ಆ ಮನೆಗೆ ಅಷ್ಟು ಬೆಲೆ ಬರುವುದಿಲ್ಲ, ಒಳಗೆ ಜನ ಇದ್ದಾರೆ ಅಂತ ಇಲಾಖೆಯ ಮುಂದೆ ವಾದ ಮಾಡಿ ಮೌಲ್ಯಮಾಪನ ಕೇಳಲು ಅವಕಾಶ ಇದೆ. ಆಗ ನಿಮ್ಮ ದಾವೆಯ ಪ್ರತಿ ಕೆಲಸಕ್ಕೆ ಬರುತ್ತದೆ.

ಖರೀದಿ ಪತ್ರದ ಬಗ್ಗೆ ದಯವಿಟ್ಟು ಗಮನ ಕೊಟ್ಟು ಓದಿ. ಬಾಂಡ್ ರೈಟರ್ ಹತ್ತಿರ ಒಂದು ಸಿದ್ಧ ಮಾದರಿ ಇರುತ್ತದೆ. ಅದರಲ್ಲಿ ‘ಸದರಿ ಆಸ್ತಿಯ ಖಾಲಿ ಕಬ್ಜಾವನ್ನು ಈ ದಿನವೇ ನಿಮಗೆ ಕೊಟ್ಟಿರುತ್ತೇನೆ, ಆಸ್ತಿಯ ಮೇಲೆ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಅನ್ನೋ ಸಾಲು ಬಂದೇ ಬರುತ್ತದೆ. ನಮ್ಮ ಕರಡಿನಲ್ಲೂ ಇತ್ತು. ಎಲ್ಲರೂ ಸಹಿ ಮಾಡುತ್ತಾರೆ, ಯಾರೂ ಓದುವುದಿಲ್ಲ. ನಿಮ್ಮ ಮನೆ ವಿಷಯದಲ್ಲಿ ಆ ಎರಡೂ ಮಾತು ಸುಳ್ಳು. ನಾಳೆ ಕೊಂಡವರಿಗೆ ಒಳಗಿನವರನ್ನು ಎಬ್ಬಿಸಲು ಆಗಲಿಲ್ಲ ಅಂದರೆ ಅದೇ ಸಾಲು ತೋರಿಸಿ ಹಣ ವಾಪಸ್ ಕೇಳುತ್ತಾರೆ, ಮೋಸದ ದೂರನ್ನೂ ಕೊಡಬಹುದು. ನಾವು ಆ ಸಾಲು ತೆಗೆಸಿ, ಇಂಥವರು ಹಕ್ಕಿಲ್ಲದೆ ವಾಸವಿದ್ದಾರೆ, ಇಂಥ ನಂಬರಿನ ದಾವೆ ನಡೆದಿದೆ, ಕೊಳ್ಳುವವರು ಇದನ್ನೆಲ್ಲ ಕಣ್ಣಾರೆ ನೋಡಿ, ತಿಳಿದು, ಅದಕ್ಕೆ ತಕ್ಕ ಬೆಲೆಗೆ ಒಪ್ಪಿದ್ದಾರೆ, ಕಬ್ಜಾ ಪಡೆಯುವ ಹೊಣೆ ಅವರದೇ ಅಂತ ಬರೆಸಿದೆವು. ಬಾಂಡ್ ರೈಟರ್ ‘ಹಿಂಗ ಬರೀಬಾರದ್ರಿ, ಚಂದ ಕಾಣಂಗಿಲ್ಲ’ ಅಂದರು. ನಮ್ಮ ವಕೀಲರು ಬಿಡಲಿಲ್ಲ. ಬೆಲೆ ಕಡಿಮೆ ಮಾಡಿ ನೀವು ಕೊಂಡುಕೊಳ್ಳುತ್ತಿರುವುದು ಈ ನಾಲ್ಕು ಸಾಲನ್ನೇ. ಇದನ್ನು ಬರೆಯಲು ಒಪ್ಪದ ಪಾರ್ಟಿಗೆ ಕಡಿಮೆ ಬೆಲೆಗೆ ಮಾರುವುದರಲ್ಲಿ ಅರ್ಥವೇ ಇಲ್ಲ.

ಕಾಗದ ಪತ್ರ ಬೇಗ ಹೇಳಿಬಿಡುತ್ತೇನೆ. ಸಿಟಿ ಸರ್ವೆ ಆಫೀಸಿನ ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದರೆ ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ಏರಿಸಿ. ಮಹಾನಗರ ಪಾಲಿಕೆಯಿಂದ ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ತೆಗೆಸಿ, 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಇಲ್ಲ. ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆ ಆಸ್ತಿಯ ಮೇಲೆ ಆದ ನೋಂದಣಿಗಳ ಪಟ್ಟಿ) ತೆಗೆದು ನೋಡಿ, ಒಳಗಿರುವವರು ಯಾವುದಾದರೂ ಪತ್ರ ನೋಂದಣಿ ಮಾಡಿಸಿದ್ದಾರಾ ಅಂತ ಗೊತ್ತಾಗುತ್ತದೆ. ಅಕ್ಕತಂಗಿಯರಿದ್ದರೆ ಅವರ ಸಹಿಯೂ ಬೇಕು, ಮದುವೆಯಾಗಿ ಹೋಗಿದ್ದಾರೆ ಅಂತ ಬಿಡುವಂತಿಲ್ಲ.

ನಮ್ಮ ಮನೆಯಲ್ಲಿದ್ದವರ ವಿಷಯ ಕೊನೆಗೆ ಲೋಕ ಅದಾಲತ್‌ನಲ್ಲಿ ಮುಗಿಯಿತು. ಪಕ್ಕದವರು ಎರಡು ಲಕ್ಷ ಕೊಟ್ಟರು, ಮೂರು ತಿಂಗಳ ಗಡುವು ಕೊಟ್ಟರು, ಒಳಗಿದ್ದವರು ಎದ್ದು ಹೋದರು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆ ರಾಜಿಯ ಮೇಲೆ ಅಪೀಲು ಇಲ್ಲ. ಆ ಎರಡು ಲಕ್ಷ ನಾವೇ ಕೊಟ್ಟು ಖಾಲಿ ಮಾಡಿಸಿ 32ಕ್ಕೆ ಮಾರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೇಳಿ ನೋಡಿದ್ದೆವು. ನಮ್ಮ ಮುಖ ಕಂಡರೆ ಅವರು ಎಂಟು ಲಕ್ಷಕ್ಕೆ ಕಡಿಮೆ ಮಾತೇ ಆಡುತ್ತಿರಲಿಲ್ಲ, ಆ ರಾತ್ರಿಯ ಬಾಗಿಲು ಅವರು ಮರೆತಿರಲಿಲ್ಲ. ನೀವು ಹಾಗೇನೂ ಮಾಡಿಲ್ಲವಲ್ಲ, ಒಂದು ಸಲ ಶಾಂತವಾಗಿ ಕೂತು ಮಾತಾಡಿ ನೋಡಿ. ಆದರೆ ದಾವೆ ಹಾಕಿದ ಮೇಲೆ. ಅದಿಲ್ಲದೆ ಮಾತಿಗೆ ಕೂತರೆ ಅವರು ದಿನ ತಳ್ಳುತ್ತಾರೆ, ಹೋಗುವುದು ನಿಮ್ಮ ತಿಂಗಳುಗಳು.

ಆ ಕುಟುಂಬ 2015ರ ಯಾವ ತಿಂಗಳಲ್ಲಿ ಬಂತು, ಬೀಗ ಯಾರು ತೆಗೆದುಕೊಟ್ಟರು ಅಂತ ಪಕ್ಕದ ಮನೆಯವರಿಗೆ ಫೋನ್ ಮಾಡಿ ಕೇಳಿ. ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ. ಮತ್ತೆ ಫೋನ್ ಇಡುವ ಮುಂಚೆ, ಆ ಮನೆ ಅವರಿಗೇ ಬೇಕಾ ಅಂತಲೂ ಕೇಳಿ ನೋಡಿ.